ಮೊಟ್ಟೆಯೊಡೆದು ಹೊರಬಂದ ಕಾರು

ಪ್ರಶ್ನೆ: ಮೂಕಿ ಯುಗದ ಹಾಸ್ಯವೆಂದರೆ ಚಾಪ್ಲಿನ್, ಕೀಟನ್ ಅವರ ಚಿತ್ರಗಳನ್ನು ನೋಡಿದರೆ ಸಾಲದೆ? ಹೆಸರೇ ಕೇಳಿರದ ನಟರ ಹಳೆಯ ಕಿರುಚಿತ್ರಗಳನ್ನು ಕೆಲವರು ಹುಡುಕಿ ಹುಡುಕಿ ನೋಡುವುದೇಕೆ? ಬೀಳುವುದು, ಏಳುವುದು, ಅಟ್ಟಿಸಿಕೊಂಡು ಓಡುವುದು ಬಿಟ್ಟು ಅವುಗಳಲ್ಲಿ ಬೇರೇನಿದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೀಳುವುದು, ಏಳುವುದಷ್ಟೇ ಇದ್ದಿದ್ದರೆ ನಿಮ್ಮ ಮಾತನ್ನು ಒಪ್ಪಬಹುದಿತ್ತು. ಆದರೆ ಅಮೆರಿಕದ ಚಾರ್ಲಿ ಬೋವರ್ಸ್ 1926ರಲ್ಲಿ ಮಾಡಿದ ‘ಎಗ್ಡ್ ಆನ್’ ಎಂಬ ಕಿರುಚಿತ್ರವನ್ನು ದಯವಿಟ್ಟು ಒಮ್ಮೆ ನೋಡಿ. ಒಡೆಯದ ಮೊಟ್ಟೆಗಳನ್ನು ತಯಾರಿಸುವ ಯಂತ್ರ ಕಟ್ಟಲು ಹೊರಟ ಯುವಕನೊಬ್ಬನ ಕಥೆ ಅದು. ಕಾರಿನ ಬಾನೆಟ್ಟಿನಡಿ ಇಟ್ಟ ಮೊಟ್ಟೆಗಳು ಎಂಜಿನ್ನಿನ ಕಾವಿಗೆ ಬಿರಿಯುತ್ತವೆ. ಚಿಪ್ಪಿನಿಂದ ಹೊರಬರುವುದು ಕೋಳಿಮರಿಗಳಲ್ಲ, ಪುಟ್ಟ ಪುಟ್ಟ ಕಾರುಗಳು! ಮುದುಡಿದ ಮೈಯನ್ನು ಬಿಡಿಸಿಕೊಂಡು, ಚಕ್ರಗಳ ಮೇಲೆ ನಿಂತು, ಮರಿಗಳು ತಾಯಿಯ ರೆಕ್ಕೆಯಡಿ ಸೇರುವಂತೆ ಅವೆಲ್ಲ ದೊಡ್ಡ ಕಾರಿನ ಅಡಿಗೆ ಹೋಗಿ ಸೇರಿಕೊಳ್ಳುತ್ತವೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಸಾಧಿಸಲು ವಸ್ತುವನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್ ತೆಗೆಯಬೇಕು, ಮತ್ತೆ ಸರಿಸಿ ಇನ್ನೊಂದು ತೆಗೆಯಬೇಕು. ‘ಮಟ್ ಅಂಡ್ ಜೆಫ್’ ಎಂಬ ಅನಿಮೇಷನ್ ಚಿತ್ರಗಳಲ್ಲಿ ಪಳಗಿದ್ದ ಬೋವರ್ಸ್‌ಗೆ ಆ ತಾಳ್ಮೆ ಕರಗತವಾಗಿತ್ತು. ನಟನಾಗಿ ಅವರು ಕೀಟನ್‌ರ ಸಮಕ್ಕೆ ಬರುವುದಿಲ್ಲ, ಕಥೆಯೂ ಅಲ್ಲಲ್ಲಿ ಸಡಿಲ. ಆದರೂ ಆ ಕಾರುಮರಿಗಳನ್ನು ನೋಡುವಾಗ ನನಗೆ ನಗುವಿನೊಂದಿಗೆ ಮಮತೆಯೂ ಉಕ್ಕುತ್ತದೆ.

ಪ್ರಸಿದ್ಧ ಚಿತ್ರಗಳ ಬಹಳಷ್ಟು ದೃಶ್ಯಗಳು ಚಿತ್ರ ನೋಡುವ ಮೊದಲೇ ನಮಗೆ ಪರಿಚಿತವಾಗಿರುತ್ತವೆ. 1928ರ ಚಿತ್ರವೊಂದರಲ್ಲಿ ಮನೆಯ ಮುಂಗೋಡೆ ಕೀಟನ್ ಮೇಲೆ ಕುಸಿದರೂ ಕಿಟಕಿಯ ಕಂಡಿಯಿಂದಾಗಿ ಅವರು ಪಾರಾಗುತ್ತಾರೆಂದು ತಿಳಿದೇ ನಾವು ನೋಡುತ್ತೇವೆ. ಅಪರಿಚಿತ ಚಿತ್ರಗಳಲ್ಲಿ ಮುಂದೇನೆಂದು ಊಹಿಸಲಾಗದೆ, 1920ರ ದಶಕದ ಪ್ರೇಕ್ಷಕನಂತೆಯೇ ಬೆರಗಾಗುವ ಅವಕಾಶ ನಮಗೆ ಸಿಗುತ್ತದೆ.

ಬೇಗ ಹಾಳಾಗುವ, ಸುಲಭವಾಗಿ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ಮೇಲಿದ್ದ ಇಂಥ ಎಷ್ಟೋ ಚಿತ್ರಗಳು ಇಂದು ಇಲ್ಲ. ಫ್ರಾನ್ಸಿನಲ್ಲಿ ಬೋವರ್ಸ್‌ರನ್ನು ‘ಬ್ರಿಕೊಲೊ’ ಎನ್ನುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ಜೋಡಿಸಿ ಏನಾದರೊಂದು ಮಾಡುವವನೆಂಬ ಧ್ವನಿ ಆ ಹೆಸರಿಗಿದೆ. 1960ರ ದಶಕದಲ್ಲಿ ತುಲೂಸ್ ನಗರದ ಚಿತ್ರಸಂಗ್ರಹಾಲಯದ ರೇಮೊಂ ಬೋರ್ದ್ ಅವರಿಗೆ ಆ ಹೆಸರಿನ ರೀಲುಗಳು ಸಿಕ್ಕಿದ್ದರಿಂದಲೇ, ಮರೆತುಹೋಗಿದ್ದ ಈ ಕಲಾವಿದ ನಮಗೆ ಮರಳಿ ದೊರೆತರು.

ನಿಮಗೆ ‘ಎಗ್ಡ್ ಆನ್’ ಹಿಡಿಸಿದರೆ, ಅದೇ ವರ್ಷದ ‘ನೌ ಯು ಟೆಲ್ ಒನ್’ ಕೂಡ ನೋಡಿ. ಅದರಲ್ಲಿ ಗಿಡದ ಕೊಂಬೆಯಿಂದ ಬೆಕ್ಕುಗಳು ಬೆಳೆದು ಬರುತ್ತವೆ, ಇಲಿಯ ಕೈಯಲ್ಲಿ ಪಿಸ್ತೂಲಿರುತ್ತದೆ.