ಪಕ್ಕದ ಪವರ್ ಪ್ರೆಸ್ ಬಡಿದಾಗಲೆಲ್ಲ ಸರ್ಫೇಸ್ ಗ್ರೈಂಡರ್‌ನ (ಹಿಂದೆ ಮುಂದೆ ಓಡುವ ಟೇಬಲ್ ಮೇಲಿನ ಲೋಹದ ತುಂಡನ್ನು ತಿರುಗುವ ಸಾಣೆ ವೀಲ್‌ನಿಂದ ಸಮತಟ್ಟು ಮಾಡುವ ಯಂತ್ರ) ಕೆಲಸದ ಮೇಲೆ, ಅಂದರೆ ಆ ತುಂಡಿನ ಮೇಲೆ, ಅಲೆ ಬೀಳುತ್ತಿದೆ. ಗ್ರೈಂಡರ್ ಕೆಳಗೆ 6 ಮಿ.ಮೀ. ರಬ್ಬರ್ ಶೀಟ್ ಹಾಸಿದರೆ ಸಾಕೇ?

ಸಾಲದು. ಬುಡದ ಉದ್ದಗಲಕ್ಕೂ ಹಾಸಿದ ತೆಳು ರಬ್ಬರ್ ಶೀಟ್ ಯಂತ್ರದ ಪಾಲಿಗೆ ಹೆಚ್ಚುಕಡಿಮೆ ಕಾಂಕ್ರೀಟೇ. ರಬ್ಬರ್ ತನ್ನ ಆಕಾರ ಬದಲಿಸಿಕೊಳ್ಳುತ್ತದೆ, ಗಾತ್ರವನ್ನು ಕುಗ್ಗಿಸಿಕೊಳ್ಳುವುದಿಲ್ಲ. ಮೇಲಿಂದ ಒತ್ತಿದಾಗ ಪಕ್ಕಕ್ಕೆ ಉಬ್ಬಲು ಜಾಗ ಇದ್ದರೆ ಮಾತ್ರ ಅದು ಮೆತ್ತಗೆ ಕೆಲಸ ಮಾಡೀತು. ಒಂದು ಮೀಟರ್ ಅಗಲದ ಶೀಟಿನ ನಡುವಿನ ರಬ್ಬರ್ ಎಲ್ಲಿಗೆ ಉಬ್ಬಬೇಕು? ಅದಕ್ಕೇ ಕಂಪನ ತಡೆಯಲು ಯಂತ್ರದ ಕಾಲಡಿ ಇಡುವ ರಬ್ಬರ್ ಪ್ಯಾಡುಗಳಿಗೆ ಗೀರು, ಗುಳಿ, ಗುಬುಟು ಕೊಟ್ಟಿರುತ್ತಾರೆ.

ಇಲ್ಲಿ ನೋಡಬೇಕಾದ ಅಂಕಿ ಒಂದೇ: ಯಂತ್ರದ ಭಾರಕ್ಕೆ ಪ್ಯಾಡ್ ಎಷ್ಟು ಇಳಿಯುತ್ತದೆ. ರಬ್ಬರಿನ ದಪ್ಪ, ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು. ಇಳಿತವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಬರುವ ಉತ್ತರವೇ ಪ್ಯಾಡಿನ ಮೇಲೆ ಕೂತ ಯಂತ್ರದ ಸಹಜ ಕಂಪನಾಂಕ (ಒಮ್ಮೆ ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತಾನಾಗಿ ಆಡುತ್ತದೆ ಎಂಬುದು), ಹರ್ಟ್ಸ್‌ನಲ್ಲಿ. 1 ಮಿ.ಮೀ. ಇಳಿದರೆ 15.8 ಹರ್ಟ್ಸ್, 2.5 ಮಿ.ಮೀ. ಇಳಿದರೆ 10, 10 ಮಿ.ಮೀ. ಇಳಿದರೆ 5. ನಿಮ್ಮ ಶೀಟ್ 0.01 ಮಿ.ಮೀ. ಇಳಿದರೆ ಅದೇ ಹೆಚ್ಚು. ಆಗ ಬರುವುದು 158 ಹರ್ಟ್ಸ್.

ನೆಲದಿಂದ ಬರುವ ಕಂಪನ ಈ ಸಹಜ ಕಂಪನಾಂಕದ 1.41 ಪಟ್ಟು ದಾಟಿದ ಮೇಲೆಯೇ ತಡೆ ಶುರುವಾಗುವುದು. ಎರಡು ಪಟ್ಟಿದ್ದರೆ ಮೂರನೇ ಒಂದು ಪಾಲು ಮೇಲೆ ಹೋಗುತ್ತದೆ, ಮೂರು ಪಟ್ಟಿದ್ದರೆ ಎಂಟನೇ ಒಂದು ಪಾಲು. 1.41ಕ್ಕಿಂತ ಕೆಳಗಿದ್ದರೆ ತಡೆ ಇಲ್ಲವೇ ಇಲ್ಲ, ಕಂಪನ ಹೆಚ್ಚುತ್ತದೆ. ಎರಡೂ ಸರಿಸಮ ಆದರಂತೂ ಯಂತ್ರ ಉಯ್ಯಾಲೆ. ‘ಪ್ಯಾಡ್ ಹಾಕಿದ ಮೇಲೆ ಇನ್ನೂ ಕೆಟ್ಟುಹೋಯಿತು’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಪ್ಯಾಡ್ ಕಳಪೆಯಾಗಿರಬೇಕಿಲ್ಲ, ಆ ಕಂಪನಕ್ಕೆ ಅದು ಗಡುಸಾಯಿತು ಅಷ್ಟೆ.

ಹಾಗಾಗಿ ಪ್ಯಾಡ್ ಕೊಳ್ಳುವ ಮೊದಲು ತಡೆಯಬೇಕಾದ್ದು ಎಷ್ಟು ಹರ್ಟ್ಸ್ ಎಂದು ಗೊತ್ತಾಗಬೇಕು. ಅದಕ್ಕೂ ಮೊದಲು ಪ್ರೆಸ್ ನಿಲ್ಲಿಸಿ ಒಂದು ತುಂಡು ಗ್ರೈಂಡ್ ಮಾಡಿ ನೋಡಿ. ಆಗಲೂ ಅಲೆ ಬಿದ್ದರೆ ತಪ್ಪು ನೆಲದ್ದಲ್ಲ. ವೀಲ್ ಬ್ಯಾಲೆನ್ಸ್, ಸ್ಪಿಂಡಲ್ ಬೇರಿಂಗ್, ಬೆಲ್ಟ್, ಹೈಡ್ರಾಲಿಕ್ ಪಂಪ್ ಇವುಗಳ ಕಡೆ ತಿರುಗಿ. ಎಂಥ ಮೌಂಟೂ (ಯಂತ್ರದ ಕೆಳಗೆ ಕೊಡುವ ಮೆತ್ತನೆ ಆಸರೆ) ಯಂತ್ರದ ಒಳಗೇ ಹುಟ್ಟುವ ಅದುರನ್ನು ತೆಗೆಯಲಾರದು.

ಪ್ರೆಸ್ ನಡೆಯುವಾಗ ಮಾತ್ರ ಅಲೆ ಬೀಳುತ್ತಿದ್ದರೆ, ಆ ಕೆಲಸವೇ ನಿಮ್ಮ ಅಳತೆಯ ಉಪಕರಣ. ಮೇಲ್ಮೈಗೆ ಮಾರ್ಕರ್ ಶಾಯಿ ಬಳಿದು, ಚಪ್ಪಟೆಯಾದ ನಯ ಎಣ್ಣೆಕಲ್ಲನ್ನು ಹಗುರವಾಗಿ ಆಡಿಸಿ. ಅಲೆಯ ಉಬ್ಬುಗಳಲ್ಲಿ ಶಾಯಿ ಹೋಗಿ ತಗ್ಗುಗಳಲ್ಲಿ ಉಳಿಯುತ್ತದೆ. ಉಬ್ಬಿನಿಂದ ಉಬ್ಬಿಗೆ ದೂರ ಅಳೆಯಿರಿ. ಟೇಬಲ್ ನಿಮಿಷಕ್ಕೆ 15 ಮೀಟರ್ ಓಡುತ್ತಿದ್ದರೆ ಅದು ಸೆಕೆಂಡಿಗೆ 250 ಮಿ.ಮೀ. ಉಬ್ಬುಗಳ ಅಂತರ 12.5 ಮಿ.ಮೀ. ಇದ್ದರೆ 20 ಹರ್ಟ್ಸ್. 5.2 ಮಿ.ಮೀ. ಇದ್ದರೆ 48 ಹರ್ಟ್ಸ್. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 2,880 ಸುತ್ತುವ ಎರಡು ಪೋಲ್ ಮೋಟಾರ್ ಇದಾಗಿರಬಹುದು, ಪ್ರೆಸ್ಸಿನ ಏಟಲ್ಲ. ಟೇಬಲ್ ವೇಗವನ್ನು ಫಲಕ ನೋಡಿ ನಂಬಬೇಡಿ, ಸ್ಟಾಪ್‌ವಾಚ್ ಹಿಡಿದು ಅಳೆಯಿರಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಪ್ರೆಸ್ ನಿಮಿಷಕ್ಕೆ 60 ಸಲ ಬಡಿಯುತ್ತದೆ, ಅಂದರೆ 1 ಹರ್ಟ್ಸ್ ತಡೆಯಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಒಂದೊಂದು ಏಟೂ ಗಂಟೆಗೆ ಹೊಡೆದಂತೆ; ಏಟಿನ ನಂತರ ನೆಲವೂ ಗ್ರೈಂಡರ್‌ನ ಕಾಲಮ್ಮೂ (ವೀಲ್ ಹೊತ್ತ ಕಂಬ) ತಮ್ಮ ತಮ್ಮ ಸಹಜ ಕಂಪನಾಂಕದಲ್ಲಿ ಮಿಡಿದು ಸುಮ್ಮನಾಗುತ್ತವೆ. ಮೇಲಿನ ವೇಗದಲ್ಲಿ ಪ್ರತಿ 250 ಮಿ.ಮೀ.ಗೆ ಒಂದು ಅಲೆಗುಂಪು ಬೀಳುವುದು ಏಟಿನ ಲೆಕ್ಕ. ಆ ಗುಂಪಿನೊಳಗಿನ ಸಣ್ಣ ಅಲೆಗಳ ಅಂತರವೇ ನಿಮಗೆ ಬೇಕಾದ ಕಂಪನಾಂಕ.

ಫೋನಿನ ವೈಬ್ರೇಷನ್ ಆ್ಯಪ್‌ನಿಂದಲೂ ಅಂದಾಜು ಸಿಗುತ್ತದೆ. ಆದರೆ ಸೆಕೆಂಡಿಗೆ 100 ಮಾದರಿ ತೆಗೆಯುವ ಫೋನ್ 50 ಹರ್ಟ್ಸ್‌ಗಿಂತ ಮೇಲಿನದನ್ನು ಸುಳ್ಳು ಜಾಗದಲ್ಲಿ ತೋರಿಸುತ್ತದೆ ಎಂಬುದು ನೆನಪಿರಲಿ. ಫೋನನ್ನು ಯಂತ್ರದ ಮೇಲೆ ಸುಮ್ಮನೆ ಇಡದೆ ಎರಡು ಕಡೆ ಅಂಟುವ ಟೇಪಿನಿಂದ ಕೂರಿಸಿ. ಇದಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು) ತೋರಿಸುವ ಡಯಲ್ ಮೇಲೆ. ವೀಲ್ ನಿಲ್ಲಿಸಿ, ಡಯಲನ್ನು ವೀಲ್‌ಹೆಡ್‌ಗೆ ಕಟ್ಟಿ, ಮುಳ್ಳನ್ನು ಟೇಬಲ್ ಮೇಲೆ ತಾಗಿಸಿ, ಪ್ರೆಸ್ ಓಡಿಸಿ ನೋಡಿ. ಡಯಲ್ ವೇಗದ ಕಂಪನವನ್ನು ಪೂರ್ತಿ ತೋರಿಸದು. ಆದರೂ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು. ಇಡೀ ಯಂತ್ರ ಒಟ್ಟಿಗೆ ಮೇಲೆ ಕೆಳಗೆ ಆಡಿದರೆ ಕೆಲಸ ಕೆಡುವುದಿಲ್ಲ. ಕೆಡಿಸುವುದು ವೀಲ್ ಮತ್ತು ಕೆಲಸದ ನಡುವಿನ ಅಂತರ ಬದಲಾಗುವುದು.

ಈಗ ಲೆಕ್ಕ ಹಾಕೋಣ. ಗ್ರೈಂಡರ್ 1,200 ಕೆ.ಜಿ. ಎಂದುಕೊಳ್ಳಿ. ಅಲೆ 48 ಹರ್ಟ್ಸ್ ಆಸುಪಾಸಿನದಾದರೆ ಕೆಲಸ ಸುಲಭ. ಸಹಜ ಕಂಪನಾಂಕ ಅದರ ಮೂರನೇ ಒಂದು ಅಂದರೆ 16 ಹರ್ಟ್ಸ್ ಇರಬೇಕು, ಅದಕ್ಕೆ 1 ಮಿ.ಮೀ. ಇಳಿತ ಸಾಕು. 80 × 80 ಮಿ.ಮೀ.ನ ನಾಲ್ಕು ಗೀರು ಪ್ಯಾಡ್ ಇಟ್ಟರೆ ಪ್ರತಿ ಚದರ ಮಿ.ಮೀ.ಗೆ 0.46 ನ್ಯೂಟನ್ ಒತ್ತಡ. ತಯಾರಕರ ಪಟ್ಟಿಯಲ್ಲಿ ಈ ಒತ್ತಡಕ್ಕೆ ಇಳಿತ ಎಷ್ಟು ಎಂದು ನೋಡಿ ಆರಿಸಿ. ರಬ್ಬರಿಗೆ ಇನ್ನೊಂದು ಸ್ವಭಾವವಿದೆ: ನಿಂತ ಭಾರಕ್ಕಿಂತ ಕಂಪನಕ್ಕೆ ಅದು ಗಡುಸು. ಕಂಪನಕ್ಕೆ 1.4 ಪಟ್ಟು ಗಡುಸಾಗುವ ರಬ್ಬರ್ ಆದರೆ 16 ಇದ್ದದ್ದು 19 ಹರ್ಟ್ಸ್ ಆಗುತ್ತದೆ. ಆಗ ಎಂಟನೇ ಒಂದು ಪಾಲಿನ ಬದಲು ಐದನೇ ಒಂದು ಪಾಲಿನಷ್ಟು ಮೇಲೆ ಹೋಗುತ್ತದೆ. ಅಷ್ಟಾದರೂ ದೊಡ್ಡ ಲಾಭವೇ.

ಅಲೆ 20 ಹರ್ಟ್ಸ್‌ನದಾದರೆ ಕಷ್ಟ. ಆಗ ಬೇಕಾದ್ದು ಸುಮಾರು 6.7 ಹರ್ಟ್ಸ್, ಅಂದರೆ 5.6 ಮಿ.ಮೀ. ಇಳಿತ. ರಬ್ಬರನ್ನು ಅದರ ದಪ್ಪದ ಹತ್ತನೇ ಒಂದು ಪಾಲಿಗಿಂತ ಬಹಳ ಹೆಚ್ಚು ಒತ್ತಿ ಇಡಬಾರದು, ದಿನ ಕಳೆದಂತೆ ಕುಸಿಯುತ್ತಾ ಹೋಗುತ್ತದೆ. ಅಂದರೆ 50 ಮಿ.ಮೀ.ಗೂ ಹೆಚ್ಚು ಎತ್ತರದ ರಬ್ಬರ್ ಕಾಲು ಬೇಕು. ಅಂಥ ಕಾಲಿನ ಮೇಲೆ ನಿಂತ ಸರ್ಫೇಸ್ ಗ್ರೈಂಡರ್, ಟೇಬಲ್ ಪ್ರತಿ ಸಲ ಹಿಂತಿರುಗುವಾಗಲೂ ತೊಟ್ಟಿಲಿನಂತೆ ತೂಗುತ್ತದೆ. ಎರಡು ಪದರ ಪ್ಯಾಡ್ ಪೇರಿಸಿ, ನಡುವೆ 3 ಮಿ.ಮೀ. ಉಕ್ಕಿನ ತಗಡು ಇಟ್ಟರೆ ಸಹಜ ಕಂಪನಾಂಕ 0.7 ಪಟ್ಟಿಗೆ ಇಳಿಯುತ್ತದೆ, ಅಷ್ಟೇ. ಇಂಥಲ್ಲಿ ಗ್ರೈಂಡರನ್ನು ಬಿಟ್ಟು ಪ್ರೆಸ್ ಕಡೆ ಹೋಗಿ.

ನಾನಾದರೆ ಎರಡೂ ಸಂದರ್ಭದಲ್ಲಿ ಮೊದಲು ಪ್ರೆಸ್ಸಿಗೇ ಮೌಂಟ್ ಹಾಕಿಸುತ್ತೇನೆ. ಅಲ್ಲಿ ಮೈಕ್ರಾನ್‌ಗಳ ಚಿಂತೆಯಿಲ್ಲ. ಮೆತ್ತನೆ ಮೌಂಟಿನ ಮೇಲೆ ಪ್ರೆಸ್ ಪ್ರತಿ ಏಟಿಗೂ ಕಣ್ಣಿಗೆ ಕಾಣುವಷ್ಟು ಕುಣಿದರೂ ಪರವಾಗಿಲ್ಲ, ತಗಡನ್ನು ಕತ್ತರಿಸುವ ಡೈ ಮತ್ತು ಪಂಚ್ ಒಂದೇ ಚೌಕಟ್ಟಿನಲ್ಲಿವೆ. ಒಂದೇ ಪ್ರೆಸ್ಸನ್ನು ಕಟ್ಟಿಹಾಕಿದರೆ ಸುತ್ತಲಿನ ಎಲ್ಲ ಯಂತ್ರಗಳಿಗೂ ನೆಮ್ಮದಿ. ಎತ್ತರದ, ಕಿರಿದಾದ ಬುಡದ ಪ್ರೆಸ್ ಆದರೆ ಮೌಂಟುಗಳನ್ನು ಅಗಲವಾದ ಉಕ್ಕಿನ ಚೌಕಟ್ಟಿನ ತುದಿಗಳಲ್ಲಿ ಕೊಡಬೇಕು, ಇಲ್ಲವಾದರೆ ವಾಲುತ್ತದೆ. ವಿದ್ಯುತ್ ಕೇಬಲ್, ಗಾಳಿ ಪೈಪ್, ಸ್ಕ್ರ್ಯಾಪ್ ಜಾರುವ ತಗಡು ಎಲ್ಲಕ್ಕೂ ಆ ಕುಣಿತಕ್ಕೆ ಸಾಕಾಗುವ ಸಡಿಲ ಇರಲಿ.

ಪ್ರೆಸ್ ಮುಟ್ಟಲು ಸಾಧ್ಯವೇ ಇಲ್ಲವಾದರೆ ಉಳಿದದ್ದು ಗ್ರೈಂಡರ್‌ಗೆ ಬೇರೆಯೇ ಕಾಂಕ್ರೀಟ್ ದಿಮ್ಮಿ. 2 × 1.5 × 0.6 ಮೀಟರ್ ದಿಮ್ಮಿ 1.8 ಘನ ಮೀಟರ್, ಸುಮಾರು 4,300 ಕೆ.ಜಿ., ಯಂತ್ರದ ಮೂರೂವರೆ ಪಟ್ಟು. ಗುಂಡಿಯಲ್ಲಿ ಸ್ಪ್ರಿಂಗ್ ಅಥವಾ ದಪ್ಪ ಪ್ಯಾಡುಗಳ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ ಯಂತ್ರ ಗಟ್ಟಿಯಾಗಿ. ದಿಮ್ಮಿ ತಾನಾಗಿ ಕಂಪನ ತಡೆಯುತ್ತದೆ ಎಂಬ ನಂಬಿಕೆ ತಪ್ಪು. ತಡೆಯುವುದು ಅದರ ಕೆಳಗಿನ ಸ್ಪ್ರಿಂಗಿನ ಇಳಿತವೇ. ದಿಮ್ಮಿಯ ಕೆಲಸವೆಂದರೆ ಅಷ್ಟು ಮೆತ್ತನೆ ಸ್ಪ್ರಿಂಗಿನ ಮೇಲೂ ಟೇಬಲ್ ಹಿಂತಿರುಗುವ ಎಳೆತಕ್ಕೆ ಯಂತ್ರ ಓಲಾಡದಂತೆ ಭಾರ ಕೊಡುವುದು. ಉಕ್ಕಿನ ಸ್ಪ್ರಿಂಗ್ ಬರಿದೇ ಹಾಕಿದರೆ ಒಮ್ಮೆ ಅಲುಗಿದ್ದು ಬೇಗ ನಿಲ್ಲುವುದಿಲ್ಲ, ಜೊತೆಗೆ ಆ ಅಲುಗಾಟವನ್ನು ಅಡಗಿಸುವ ಡ್ಯಾಂಪರ್ ಬೇಕೇ ಬೇಕು. ದಿಮ್ಮಿಯ ಸುತ್ತ 50 ಮಿ.ಮೀ. ಸಂದು ಬಿಟ್ಟು ಮೇಲ್ಗಡೆ ಮೆತ್ತನೆ ಪಟ್ಟಿಯಿಂದ ಮುಚ್ಚಿ. ಆ ಸಂದಿಗೆ ಬಿದ್ದ ಒಂದೇ ಒಂದು ಕಲ್ಲು ಅಥವಾ ಸಿಮೆಂಟ್ ಗಟ್ಟಿ ನೆಲಕ್ಕೂ ದಿಮ್ಮಿಗೂ ಸೇತುವೆಯಾಗಿ ಪೂರಾ ಖರ್ಚನ್ನು ವ್ಯರ್ಥ ಮಾಡುತ್ತದೆ.

ಉದ್ದ ಬೆಡ್ಡಿನ ಲೇತ್, ಪ್ಲೇನೋಮಿಲ್ಲರ್ (ಉದ್ದ ಟೇಬಲ್ಲಿನ ದೊಡ್ಡ ಮಿಲ್ಲಿಂಗ್ ಯಂತ್ರ) ಇಟ್ಟುಕೊಂಡ ಓದುಗರಿಗೆ ಒಂದು ಮಾತು: ಅವುಗಳ ಬೆಡ್ ನೇರ ನಿಲ್ಲುವುದೇ ಫೌಂಡೇಶನ್ ಬಲದಿಂದ. ಅವನ್ನು ಬಿಡಿ ಪ್ಯಾಡುಗಳ ಮೇಲೆ ಕೂರಿಸಿದರೆ ಬೆಡ್ ತಿರುಚಿಕೊಳ್ಳುತ್ತದೆ. ದಿಮ್ಮಿಗೆ ಬಿಗಿದು, ದಿಮ್ಮಿಯನ್ನೇ ಪ್ರತ್ಯೇಕಿಸಬೇಕು. ಮಹಡಿ ಮೇಲಿರುವ ಯಂತ್ರವಾದರೆ ಸ್ಲ್ಯಾಬಿನ ನಡುವಿಂದ ಕಂಬದ ಹತ್ತಿರಕ್ಕೆ ಸರಿಸಿ. ಪ್ಯಾಡಿಗಿಂತ ಅದೇ ಹೆಚ್ಚು ಫಲ ಕೊಡಬಹುದು.

ಗ್ರೈಂಡರ್‌ಗೆ ಪ್ಯಾಡ್ ಹಾಕುವುದೆಂದೇ ಆದರೆ ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಿ ಕೈತೊಳೆದುಕೊಳ್ಳಬೇಡಿ. ಕಾಲಮ್ ಕಡೆ ಭಾರ ಹೆಚ್ಚು. ಗೇಜ್ ಇರುವ ಹೈಡ್ರಾಲಿಕ್ ಜ್ಯಾಕ್‌ನಿಂದ ಒಂದೊಂದು ಮೂಲೆಯನ್ನೂ ಸ್ವಲ್ಪವೇ ಎತ್ತಿ ಭಾರ ಅಳೆಯಿರಿ. 400 ಕೆ.ಜಿ. ಮೂಲೆಗೂ 200 ಕೆ.ಜಿ. ಮೂಲೆಗೂ ಒಂದೇ ಪ್ಯಾಡ್ ಕೊಟ್ಟರೆ ಒಂದು ಕಡೆ ಹೆಚ್ಚು ಇಳಿದು ಯಂತ್ರ ವಾಲುತ್ತದೆ. ಹಗುರ ಮೂಲೆಗೆ ಅರ್ಧ ವಿಸ್ತೀರ್ಣದ ಪ್ಯಾಡ್ ಸರಿ. ಕೂಲಂಟ್ ಮತ್ತು ಎಣ್ಣೆ ಸೋರುವ ಜಾಗದಲ್ಲಿ ನೈಸರ್ಗಿಕ ರಬ್ಬರ್ ಬೇಡ, ಊದಿಕೊಂಡು ಮೆದುವಾಗಿ ಹರಿಯುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಕೇಳಿ. ಹಳೆಯ ಆಂಕರ್ ಬೋಲ್ಟ್ ಬಿಗಿಯಾಗೇ ಉಳಿದಿದ್ದರೆ ಪ್ಯಾಡ್ ಇದ್ದೂ ಇಲ್ಲದಂತೆ, ಕಂಪನ ಬೋಲ್ಟಿನ ಮೂಲಕ ಹತ್ತಿ ಬರುತ್ತದೆ. ನೆಲಕ್ಕೆ ಕಚ್ಚಿಸಿದ ಕಬ್ಬಿಣದ ಕಂಡ್ಯೂಟ್, ಡಸ್ಟ್ ಕಲೆಕ್ಟರ್‌ನ ಗಟ್ಟಿ ಪೈಪ್ ಮಾಡುವ ಕಿತಾಪತಿಯೂ ಇದೇ. ಕೊನೆಯ ಅರ್ಧ ಮೀಟರನ್ನಾದರೂ ಬಾಗಿದ ಮೆತ್ತನೆ ಹೋಸ್‌ಗೆ ಬದಲಿಸಿ.

ಕೂರಿಸಿದ ದಿನ ಮಾಡಿದ ಲೆವೆಲ್ ನಿಲ್ಲುವುದಿಲ್ಲ. ರಬ್ಬರ್ ಮೊದಲ ಕೆಲವು ದಿನ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ ಇಟ್ಟು ಮರುದಿನ, ಒಂದು ವಾರಕ್ಕೆ, ಆಮೇಲೆ ಒಂದು ತಿಂಗಳಿಗೆ ಸರಿಮಾಡಿ. ಟೇಬಲನ್ನು ಎರಡೂ ತುದಿಗೆ ಓಡಿಸಿ ಲೆವೆಲ್ ನೋಡಿ: ಗುಳ್ಳೆ ಒಂದೆರಡು ಗೆರೆ ಸರಿದು ವಾಪಸ್ ಬಂದರೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚು ಓಡಾಡಿದರೆ ಪ್ಯಾಡ್ ಅತಿ ಮೆತ್ತಗಾಗಿದೆ. ನಂತರ ಟೇಬಲ್ ಹಿಂತಿರುಗುವಾಗಿನ ಎಳೆತವನ್ನು ಮೆದುಗೊಳಿಸುವ ಕುಶನ್ ವಾಲ್ವನ್ನು ಸ್ವಲ್ಪ ನಿಧಾನದ ಕಡೆಗೆ ತಿರುಗಿಸಿ, ತುಂಡನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಚಕ್‌ನ ಮೇಲ್ಮೈಗೆ ಒಂದು ಹಗುರ ಕಟ್ ಕೊಟ್ಟು, ಪ್ರೆಸ್ ಓಡುತ್ತಿರುವಾಗಲೇ ಮತ್ತೆ ಶಾಯಿ ಬಳಿದು ನೋಡಿ.