ಅಣ್ಣನಿಗೆ ಬಂದದ್ದು ತಂಗಿಗೆ ಬರುವುದಿಲ್ಲವೇ?

ನಿಮ್ಮ ಪತ್ರ ಓದಿದೆ. ಅಣ್ಣನ ಹೊಟ್ಟೆಯೊಳಗಿನ ಅಯೋರ್ಟಾ (ಹೃದಯದಿಂದ ರಕ್ತ ಒಯ್ಯುವ ದೊಡ್ಡ ರಕ್ತನಾಳ) ಉಬ್ಬಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ. ‘ಇದು ಗಂಡಸರ ಕಾಯಿಲೆ, ಹೆಂಗಸರನ್ನು ಈಸ್ಟ್ರೋಜೆನ್ ಕಾಯುತ್ತದೆ ಅಂತಾರೆ. ನನಗೆ ಮುಟ್ಟು ನಿಂತು ಹತ್ತು ವರ್ಷವಾಯಿತು. ಹಾರ್ಮೋನ್ ಮಾತ್ರೆ ನುಂಗಿದರೆ ಪಾರಾಗಬಹುದೇ?’ ಎಂದು ಕೇಳಿದ್ದೀರಿ.

ಗಂಡಸರಲ್ಲಿ ಇದು 4–5 ಪಟ್ಟು ಜಾಸ್ತಿ, ನಿಜ. ಹೆಂಗಸರಿಗೆ ಬಂದರೂ ಸುಮಾರು 10 ವರ್ಷ ತಡವಾಗಿ ಬರುತ್ತದೆ. ಆದರೆ ಹೆಣ್ಣಿನ ಹಾರ್ಮೋನಿನ ಕಾವಲಿಗಿಂತ ಗಂಡಿನ ಹಾರ್ಮೋನಿನ ಕಿತಾಪತಿಯೇ ಇಲ್ಲಿ ದೊಡ್ಡದೇನೋ ಅಂತ ನನ್ನ ಅನುಮಾನ. ಇಲಿಗಳ ಪ್ರಯೋಗ ನೋಡಿ. ಕೊಲೆಸ್ಟರಾಲ್ ಜಾಸ್ತಿಯಿರುವ ಇಲಿಯ ಚರ್ಮದಡಿ ಪುಟ್ಟ ಪಂಪು ಇಟ್ಟು, 4 ವಾರ ಆಂಜಿಯೋಟೆನ್ಸಿನ್ ಎಂಬ, ರಕ್ತದೊತ್ತಡ ಏರಿಸುವ ಹಾರ್ಮೋನ್ ಹರಿಸುತ್ತಾರೆ. ಗಂಡಿಲಿಗಳ ಅಯೋರ್ಟಾ ಉಬ್ಬುತ್ತದೆ, ಹೆಣ್ಣಿಲಿಗಳದ್ದು ಕಡಿಮೆ. ಗಂಡಿಲಿಯ ವೃಷಣ ತೆಗೆದರೆ ಅದೂ ಹೆಣ್ಣಿಲಿಯ ಮಟ್ಟಕ್ಕೆ ಇಳಿಯುತ್ತದೆ. ಹೆಣ್ಣಿಲಿಯ ಅಂಡಾಶಯ ತೆಗೆದರೆ? ಹೆಚ್ಚೇನೂ ಬದಲಾಗುವುದಿಲ್ಲ! ಹೆಣ್ಣಿಲಿಗೆ ಗಂಡು ಹಾರ್ಮೋನ್ ಕೊಟ್ಟರೆ ಮಾತ್ರ ಉಬ್ಬು ಹೆಚ್ಚುತ್ತದೆ. ಹೊಟ್ಟೆಯ ಭಾಗದ ಅಯೋರ್ಟಾದಲ್ಲಿ ಆಂಜಿಯೋಟೆನ್ಸಿನ್ ಹಿಡಿಯುವ ಗ್ರಾಹಕಗಳು ಆಗ ಹೆಚ್ಚಾಗುತ್ತವೆ. ಎದೆಯ ಭಾಗದಲ್ಲಿ ಹಾಗಾಗುವುದಿಲ್ಲ.

ಹಾಗಂತ ಈಸ್ಟ್ರೋಜೆನ್ ಸುಮ್ನೆ ಕೂತಿಲ್ಲ. ಬೇರೆ ಬಗೆಯ ಪ್ರಯೋಗದಲ್ಲಿ ಗಂಡಿಲಿಗೆ ಅದನ್ನು ಕೊಟ್ಟಾಗ ಉಬ್ಬು ಕಡಿಮೆಯಾಯಿತು. ರಕ್ತನಾಳದ ಗೋಡೆಗೆ ನುಗ್ಗಿ, ಅದನ್ನು ಹಿಗ್ಗಿ ಕುಗ್ಗುವಂತೆ ಮಾಡುವ ಎಲಾಸ್ಟಿನ್ ಎಳೆಗಳನ್ನು ಕಡಿಯುವ ಬಿಳಿ ರಕ್ತಕಣಗಳು ತಗ್ಗಿದ್ದವು.

ಮನುಷ್ಯರ ಲೆಕ್ಕ ಇಷ್ಟು ಸಲೀಸಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಗಂಡಸರನ್ನು ನೋಡಿದಾಗ, ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಕಡಿಮೆ ಇದ್ದವರಲ್ಲೇ ಈ ಉಬ್ಬು ಜಾಸ್ತಿ ಕಂಡಿತು. ಇಲಿಗಳ ಕಥೆಗೆ ಪೂರಾ ಉಲ್ಟಾ, ಅಲ್ವಾ?

ಮಾತ್ರೆ ಮಾತ್ರ ಇದಕ್ಕಾಗಿ ಬೇಡ. ಅದು ಈ ಉಬ್ಬನ್ನು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮುಟ್ಟು ನಿಂತು ಇಷ್ಟು ವರ್ಷವಾದ ಮೇಲೆ ಶುರು ಮಾಡಿದರೆ ರಕ್ತ ಹೆಪ್ಪುಗಟ್ಟುವ, ಪಾರ್ಶ್ವವಾಯು ಬಡಿಯುವ ಭಯ ಬೇರೆ.

‘ಗಂಡಸರ ಕಾಯಿಲೆ’ ಅಂತ ನಿಶ್ಚಿಂತೆಯಿಂದಲೂ ಇರಬೇಡಿ. ಹೆಂಗಸರಲ್ಲಿ ಉಬ್ಬು ಸಣ್ಣದಿರುವಾಗಲೇ ಒಡೆಯುವ ಸಂಭವ ಹೆಚ್ಚು. ಗಂಡಸರಿಗೆ 5.5 ಸೆಂ.ಮೀ.ಗೆ ಆಪರೇಷನ್ ಮಾತೆತ್ತುವ ವೈದ್ಯರು ಹೆಂಗಸರಿಗೆ 5ಕ್ಕೇ ಎತ್ತುವುದು ಅದಕ್ಕೇ. ಒಡಹುಟ್ಟಿದವರಿಗೆ ಇದ್ದರೆ ನಿಮಗೂ ಸಂಭವ ಜಾಸ್ತಿ. ಹೊಟ್ಟೆಯ ಅಲ್ಟ್ರಾಸೌಂಡ್ ಬಗ್ಗೆ ವೈದ್ಯರನ್ನು ಕೇಳಿ. ಮಾಡಿಸಿದರೆ ಅಯೋರ್ಟಾ ಎಷ್ಟು ಅಗಲವಿದೆ ಎಂದು ಬರೆಸಿಕೊಳ್ಳಿ. 3 ಸೆಂ.ಮೀ. ಮುಟ್ಟಿದರೆ ಅದನ್ನು ಉಬ್ಬು ಅನ್ನುತ್ತಾರೆ.

ಪತ್ರದ ಕೊನೆಗೆ ‘ಅಣ್ಣ ಇನ್ನೂ ಸಿಗರೇಟು ಬಿಟ್ಟಿಲ್ಲ’ ಎಂದು ಒಂದು ಸಾಲು ಬರೆದಿದ್ದೀರಿ. ಹಾರ್ಮೋನಿಗಿಂತ ನನಗೆ ಆ ಸಾಲಿನದೇ ಯೋಚನೆ.

— ಸಂ.