ಎತ್ತರ ಸಿಕ್ಕಿತು, ಈಗ ಕಲೆಯ ಚಿಂತೆ

ಪ್ರಶ್ನೆ: ನನಗೆ 28 ವರ್ಷ, ಐಟಿ ಕೆಲಸ. 5 ಅಡಿ 3 ಇಂಚು ಇದ್ದೆ. ಸಾಲ ಮಾಡಿ ಎರಡೂ ಮೊಣಕಾಲಿನ ಕೆಳಗೆ ಆಪರೇಷನ್ ಮಾಡಿಸಿ ಎರಡು ಇಂಚು ಎತ್ತರವಾದೆ. ಮನೆಯವರನ್ನು ಬಿಟ್ಟು ಎಲ್ಲರಿಗೂ ಬೈಕ್ ಆಕ್ಸಿಡೆಂಟ್ ಎಂದು ಹೇಳಿದ್ದೇನೆ. ತಂತಿ, ಪಿನ್ನುಗಳಿಂದ ಮೂಳೆಗೆ ಬಿಗಿದು ಕಾಲಿನ ಹೊರಗೆ ಹಾಕಿದ್ದ ಫ್ರೇಮ್ ತೆಗೆದು ಹತ್ತು ತಿಂಗಳಾಯಿತು. ಕಾಲಿನ ತುಂಬ ಕಪ್ಪು ಗೆರೆಗಳು, ಅಲ್ಲಲ್ಲಿ ಗುಳಿ. ಮುಂದಿನ ತಿಂಗಳು ನಿಶ್ಚಿತಾರ್ಥ. ಧಾರೆಯ ದಿನ ಹುಡುಗಿಯ ಅಪ್ಪ ಅಮ್ಮ ಕಾಲು ತೊಳೆಯುವಾಗ ಎಲ್ಲ ಕಾಣಿಸುತ್ತಲ್ವಾ? ಕಲೆ ಹೋಗಿಸುವ ದಾರಿ ಹೇಳಿ.
– ಹೆಸರು ಬೇಡ, ವಿಜಯನಗರ

ಉತ್ತರ: ಮೊದಲು ಕಲೆಯ ವಿಷಯ ಮುಗಿಸೋಣ. ಕಲೆ, ಮುಚ್ಚಿಟ್ಟ ಗುಟ್ಟು – ಈ ಎರಡರಲ್ಲಿ ಅದೇ ಸುಲಭ.

ಫ್ರೇಮ್ ಹಾಕಿದಾಗ ಮೂಳೆಯನ್ನು ದಿನಕ್ಕೆ ಸುಮಾರು 1 ಮಿ.ಮೀ. ಎಳೆಯುತ್ತಾರೆ. ಮೂಳೆಯ ಜೊತೆ ತಂತಿ, ಪಿನ್ನುಗಳೂ ಚರ್ಮವನ್ನು ಸೀಳಿಕೊಂಡು ಸರಿಯುತ್ತವೆ. ಅದಕ್ಕೇ ಚುಕ್ಕಿಯ ಬದಲು ಗೆರೆ. ಚರ್ಮ ಒಳಗಿನ ಪದರಕ್ಕೆ ಅಂಟಿಕೊಂಡ ಕಡೆ ಗುಳಿ. ಇದು ಯಾರ ತಪ್ಪೂ ಅಲ್ಲ, ಈ ಆಪರೇಷನ್ ನಡೆಯುವುದೇ ಹೀಗೆ.

ಗಾಯದ ಕಲೆ ಒಂದು ಹದಕ್ಕೆ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ನಿಮಗಿನ್ನೂ ಹತ್ತೇ ತಿಂಗಳು. ನಮ್ಮಂಥ ಕಂದು ಚರ್ಮದಲ್ಲಿ, ಅದರಲ್ಲೂ ಕಾಲಿನಲ್ಲಿ, ಕಪ್ಪು ನಿಧಾನವಾಗಿಯೇ ತಿಳಿಯಾಗುವುದು. ಉಬ್ಬಿದ ಕಡೆ ಸಿಲಿಕೋನ್ ಶೀಟ್ ಅಥವಾ ಜೆಲ್ ಉಪಯೋಗಕ್ಕೆ ಬರುತ್ತದೆ. ಶೀಟ್ ಆದರೆ ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಎರಡು ಮೂರು ತಿಂಗಳಾದರೂ ಹಾಕಬೇಕು. ಬಿಸಿಲಿಗೆ ಕಾಲು ಬಿಡುವುದಾದರೆ ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್ ಹಚ್ಚಿ. ಕಲೆ ಗಾಯದ ಅಂಚು ದಾಟಿ ಬೆಳೆಯುತ್ತಾ ತುರಿಸುತ್ತಿದ್ದರೆ ಅದು ಕೀಲಾಯ್ಡ್ ಇರಬಹುದು. ಅದಕ್ಕೆ ಚರ್ಮದ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಸುಮ್ನೆ ಕತ್ತರಿಸಿ ತೆಗೆಸಿದರೆ ಮತ್ತೆ ಬರುವುದೇ ಹೆಚ್ಚು. ಗುಳಿಗಳನ್ನು ಪ್ಲಾಸ್ಟಿಕ್ ಸರ್ಜನ್ ಬಿಡಿಸಿ ಸಮ ಮಾಡಬಲ್ಲರು, ಆದರೆ ಕಲೆ ಹದವಾದ ಮೇಲೆ. ಲೇಸರ್‌ಗೆ ಆತುರ ಬೇಡ, ನಮ್ಮ ಬಣ್ಣಕ್ಕೆ ಅದು ಇನ್ನಷ್ಟು ಕಪ್ಪು ಬರಿಸಿದ್ದೂ ಉಂಟು. ಮೆಡಿಕಲ್ ಶಾಪಿನವರು ತಾವೇ ಕೊಡುವ ಸ್ಟೀರಾಯ್ಡ್ ಬೆರೆತ ಟ್ಯೂಬು, ನಿಂಬೆಹಣ್ಣು ಎರಡೂ ಬೇಡ. ಕೀವು, ಜ್ವರ, ಹೊಸ ನೋವು ಕಂಡರೆ ಮಾತ್ರ ಕ್ರೀಮು ಬದಿಗಿಟ್ಟು ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಪಿನ್ನಿನ ದಾರಿಯ ಸೋಂಕು ಮೂಳೆಗೂ ಇಳಿಯಬಹುದು.

ಸಾಲ ಇದೆ ಎಂದಿರಿ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ, ಖರ್ಚು ಕಡಿಮೆ. ಕಲೆ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಹೋಗಿಸುತ್ತೇವೆ ಎಂದು ಪ್ಯಾಕೇಜ್ ಮಾರುವ ಕ್ಲಿನಿಕ್‌ನಿಂದ ದೂರ ಇರಿ.

ಇನ್ನು ಧಾರೆ. ತೊಳೆಯುವುದು ಪಾದವನ್ನು, ಪಂಚೆಯನ್ನು ಯಾರೂ ಮೊಣಕಾಲಿನವರೆಗೆ ಎತ್ತುವುದಿಲ್ಲ. ಆ ಹೊತ್ತಿಗೆ ಮಾವನವರ ಗಮನವೆಲ್ಲ ಪುರೋಹಿತರ ಮೇಲೆ. ನಿಮ್ಮ ನಿಜವಾದ ಭಯ ಮಾವನವರದ್ದಲ್ಲ, ಹುಡುಗಿಯದ್ದು ಅನ್ನಿಸುತ್ತದೆ. ಪತ್ರದಲ್ಲಿ ಅವಳ ಬಗ್ಗೆ ಒಂದು ಸಾಲೂ ಇಲ್ಲ.

ಅವಳಿಗೆ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ. ಆಫೀಸಿನವರಿಗೆ, ನೆಂಟರಿಗೆ ಹೇಳಬೇಕಾಗಿಲ್ಲ, ನಿಮ್ಮ ಕಾಲು ನಿಮ್ಮದು. ಆದರೆ ಜೊತೆಗೆ ಬದುಕುವವಳಿಗೆ ಆಕ್ಸಿಡೆಂಟ್ ಕಥೆ ನಡೆಯುವುದಿಲ್ಲ. ಎರಡೂ ಕಾಲಿಗೆ ಒಂದೇ ಸಮನೆ ಗೆರೆ ಎಳೆದು, ಮೇಲೆ ಎರಡು ಇಂಚು ಎತ್ತರ ಕೊಡುವ ಬೈಕ್ ಆಕ್ಸಿಡೆಂಟನ್ನು ನಾನಂತೂ ಕೇಳಿಲ್ಲ! ಮದುವೆಯಾದ ಮೇಲೆ ತಿಳಿದರೆ ಅವಳಿಗೆ ಕಲೆ ನೆನಪಿರುವುದಿಲ್ಲ, ನೀವು ಮುಚ್ಚಿಟ್ಟದ್ದು ನೆನಪಿರುತ್ತದೆ. ಇನ್ನೊಂದು ಮಾತು: ಆಪರೇಷನ್ ಮಕ್ಕಳ ಎತ್ತರವನ್ನು ಬದಲಿಸುವುದಿಲ್ಲ. ಮಗು ಕುಳ್ಳಗಾದಾಗ ಅದಕ್ಕೊಂದು ಹೊಸ ಸುಳ್ಳು ಹುಡುಕುತ್ತೀರಾ? ಅವಳ ಅಪ್ಪ ಅಮ್ಮನಿಗೆ ಹೇಳಬೇಕೋ ಬೇಡವೋ ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿ.

ಇಷ್ಟೆಲ್ಲ ಮಾಡಿಸಿಕೊಂಡ ಮೇಲೂ ಕನ್ನಡಿಯ ಮುಂದೆ ನಿಂತಾಗ ಕುಳ್ಳನೇ ಕಾಣುತ್ತಾನಾ? ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹುಡುಗಿಗೆ ವಾಟ್ಸಾಪ್‌ನಲ್ಲಿ ಹೇಳಬೇಡಿ. ಲಾಲ್‌ಬಾಗಿಗೋ ಎಲ್ಲಿಗೋ ಕರೆದುಕೊಂಡು ಹೋಗಿ ಎದುರಿಗೆ ಹೇಳಿ, ಯೋಚಿಸಲು ಒಂದು ವಾರ ಕೊಡಿ. ಸಾಲದ ಕಂತು ಇನ್ನೆಷ್ಟು ಬಾಕಿ ಇದೆ ಎನ್ನುವುದನ್ನೂ ಅವತ್ತೇ ಹೇಳಿಬಿಡಿ.